ತುಟಿಗೆ ಇಂಪ್ಲಾಂಟ್: ಒಂದ್ಸಲ ಹಾಕಿಸಿದರೆ ಮುಗೀತಾ?

ಪ್ರಶ್ನೆ: ನನಗೆ 34 ವರ್ಷ. ಮೊದಲಿನಿಂದಲೂ ಮೇಲ್ತುಟಿ ತೆಳು. ನಕ್ಕರಂತೂ ಕಾಣಿಸುವುದೇ ಇಲ್ಲ. ಸೂಜಿಯಲ್ಲಿ ಚುಚ್ಚಿ ತುಟಿ ತುಂಬಿಸುವ ಫಿಲ್ಲರನ್ನು ಎರಡು ಸಲ ಹಾಕಿಸಿಕೊಂಡೆ. ಚೆನ್ನಾಗಿಯೇ ಇತ್ತು, ಆದರೆ ಮೊದಲ ಸಲದ್ದು ಏಳೆಂಟು ತಿಂಗಳಿಗೆ ಇಳಿದು ಮತ್ತೆ ಮೊದಲಿನ ಹಾಗೇ ಆಯಿತು. ಎರಡನೇ ಸಲ ಹಾಕಿಸಿ ಈಗ ಐದು ತಿಂಗಳು. ಪದೇ ಪದೇ ಸೂಜಿ ಚುಚ್ಚಿಸಿಕೊಳ್ಳುವುದು ಬೇಜಾರು. ಆಪರೇಷನ್ ಮಾಡಿ ತುಟಿಯೊಳಗೆ ಇಡುವ ಇಂಪ್ಲಾಂಟ್ ಹಾಕಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಕೇಳಿದ್ದೇನೆ. ನಿಜವಾ? ತುಂಬಾ ನೋವಾಗುತ್ತದಾ? ಕೆಲಸಕ್ಕೆ ಎಷ್ಟು ದಿನ ರಜೆ ಹಾಕಬೇಕು? ಮುತ್ತು ಕೊಟ್ಟರೆ ಎದುರಿನವರಿಗೆ ಗೊತ್ತಾಗುತ್ತದಾ? ಇಷ್ಟವಾಗದಿದ್ದರೆ ತೆಗೆಸಬಹುದಾ? ಸಕ್ಕರೆ ಕಾಯಿಲೆ, ಬಿಪಿ ಏನೂ ಇಲ್ಲ. ಸಿಗರೇಟು ಸೇದುವುದಿಲ್ಲ. ಆಗೊಮ್ಮೆ ಈಗೊಮ್ಮೆ ತುಟಿಯ ಮೇಲೆ ಜ್ವರದ ಗುಳ್ಳೆ ಏಳುತ್ತದೆ. ಬಿಡುವಿದ್ದಾಗ ಕೊಳಲು ನುಡಿಸುತ್ತೇನೆ. ಬೇರೆ ವಿಶೇಷವೇನಿಲ್ಲ.

ಉತ್ತರ: ವಿಶೇಷವೇನಿಲ್ಲ ಅಂತ ಬರೆದುಬಿಟ್ಟಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಕೊಳಲಿನ ಸಾಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಚಿಕ್ಕ ಪ್ರಶ್ನೆಗಳಿಗೆ ಚಿಕ್ಕ ಉತ್ತರ. ಆಪರೇಷನ್ ಸಮಯದಲ್ಲಿ ನೋವು ಅಂದರೆ ಮರಗಟ್ಟಿಸುವ ಇಂಜೆಕ್ಷನ್ನಿನ ನೋವು ಅಷ್ಟೇ. ಆಮೇಲಿನ ಎರಡು ಮೂರು ದಿನ ನೋವಿಗಿಂತ ಬಿಗಿತ, ಊತದ ಕಾಟ ಜಾಸ್ತಿ. ಒಂದು ವಾರ ರಜೆ ಇಟ್ಟುಕೊಳ್ಳಿ. ಮಾತೇ ನಿಮ್ಮ ಕೆಲಸವಾಗಿದ್ದರೆ ಹತ್ತು ದಿನ. ಮುತ್ತಿನ ವಿಷಯ: ಊತವೆಲ್ಲ ಇಳಿದ ಮೇಲೆ, ಮೃದುವಾದ ಇಂಪ್ಲಾಂಟ್ ಸರಿಯಾದ ಆಳದಲ್ಲಿ ಕೂತಿದ್ದರೆ ಎದುರಿನವರಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ನಿಮಗೆ ಮಾತ್ರ ಗೊತ್ತಾಗುತ್ತದೆ. ತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಒಳಗೊಂದು ಎಳೆ ಸಿಕ್ಕೇ ಸಿಗುತ್ತದೆ. ತೆಗೆಸಬಹುದಾ ಅಂದರೆ, ತೆಗೆಸಬಹುದು. ಸಿಲಿಕೋನ್ ಆದರೆ ಸುಲಭ, ಬೇರೆ ವಸ್ತುವಾದರೆ ಸ್ವಲ್ಪ ಕಷ್ಟ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಒಂದೇ ಸಲಕ್ಕೆ ಮುಗಿಯುತ್ತದಾ ಅನ್ನುವುದು. ಇದಕ್ಕೆ ಹೌದು, ಇಲ್ಲ ಅಂತ ಒಂದು ಮಾತಲ್ಲಿ ಹೇಳಿದರೆ ತಪ್ಪಾಗುತ್ತದೆ. ಇಂಪ್ಲಾಂಟ್ ಕರಗುವುದಿಲ್ಲ, ಅದು ನಿಜ. ಆದರೆ ಅದು ಕೂತಿರುವ ಜಾಗ ಸುಮ್ನೆ ಇರುವುದಿಲ್ಲವಲ್ಲ! ತಿನ್ನುತ್ತದೆ, ನಗುತ್ತದೆ, ಮಾತಾಡುತ್ತದೆ, ವಯಸ್ಸಾದಂತೆ ಸೊರಗುತ್ತದೆ. ಮೂಗಿನ ಮೂಳೆಯ ಮೇಲೆ, ಗಲ್ಲದ ಮೂಳೆಯ ಮೇಲೆ ಇಡುವ ಇಂಪ್ಲಾಂಟಿಗೆ ಗಟ್ಟಿ ನೆಲ ಇರುತ್ತದೆ. ತುಟಿಯಲ್ಲಿ ಮೂಳೆಯೇ ಇಲ್ಲ. ಬಾಯಿಯ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ಅದರ ಮುಂದೆ, ತೆಳು ಪೊರೆಯ ಕೆಳಗೆ, ಈ ವಸ್ತು ಇಡೀ ದಿನ ಓಲಾಡುತ್ತಿರುತ್ತದೆ. ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದೇ ಸಂಗತಿಯಿಂದ ಬಂದವು.

ಇಂಪ್ಲಾಂಟ್ ಅಂದರೆ ಏನು ಅಂತ ಕಣ್ಣಮುಂದೆ ಬರಲಿ. ಈಗ ಜಾಸ್ತಿ ಬಳಕೆಯಲ್ಲಿರುವುದು ಗಟ್ಟಿ ಸಿಲಿಕೋನ್‌ನದು. ಗಟ್ಟಿ ಅಂದರೆ ಕಲ್ಲಿನಂಥ ಗಟ್ಟಿ ಅಲ್ಲ. ಒಳಗೆ ದ್ರವ ಇಲ್ಲ, ಒಡೆದು ಸೋರುವುದಿಲ್ಲ ಅನ್ನುವ ಅರ್ಥ. ಕೈಯಲ್ಲಿ ಹಿಡಿದರೆ ನುಣುಪಾದ, ಬಗ್ಗುವ, ಎಳೆದರೆ ಹಿಗ್ಗುವ ಒಂದು ಬತ್ತಿಯ ಹಾಗಿರುತ್ತದೆ. ನಡುವೆ ದಪ್ಪ, ಎರಡೂ ತುದಿ ಚೂಪು. ಪರ್ಮಾಲಿಪ್ ಎಂಬ ಹೆಸರಿನದು 3, 4, 5 ಮಿಲಿಮೀಟರ್ ದಪ್ಪದಲ್ಲಿ, 55ರಿಂದ 65 ಮಿಲಿಮೀಟರ್ ಉದ್ದದಲ್ಲಿ ಬರುತ್ತದೆ. ಬಾಲ್ ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪ, ಪೆನ್ಸಿಲ್‌ಗಿಂತ ಸಣ್ಣ ಅಂದುಕೊಳ್ಳಿ. 5 ಮಿಲಿಮೀಟರ್ ಕೇಳುವುದಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕನ್ನಡಿ ಮುಂದೆ ನಿಂತು ನಿಮ್ಮ ಮೇಲ್ತುಟಿಯ ಕೆಂಪು ಭಾಗಕ್ಕೆ ಸ್ಕೇಲ್ ಹಿಡಿದು ನೋಡಿ, ಅಲ್ಲಿರುವುದೇ ಆರೇಳು ಮಿಲಿಮೀಟರ್ ಆಗಿರಬಹುದು.

ಇನ್ನೊಂದು ಬಗೆ ಗೋರ್‌ಟೆಕ್ಸ್ ಎಂದು ಜನ ಕರೆಯುವ ವಸ್ತುವಿನದು. 1969ರಲ್ಲಿ ಬಾಬ್ ಗೋರ್ ಎಂಬವರು ಕಂಡುಹಿಡಿದ, ಹಿಗ್ಗಿಸಿದ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ ಅದು. ಮಳೆಕೋಟಿಗೂ ಬಳಸುತ್ತಾರೆ, ಕೆಟ್ಟುಹೋದ ರಕ್ತನಾಳದ ಬದಲಿಗೆ ಹಾಕುವ ಕೊಳವೆಗೂ ಬಳಸುತ್ತಾರೆ. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ನಮ್ಮ ಅಂಗಾಂಶ ಆ ರಂಧ್ರಗಳೊಳಗೆ ಬೆಳೆದು ಹಿಡಿದುಕೊಳ್ಳುತ್ತದೆ. ಹಾಗಾಗಿ ಅದು ಜಾಗ ಬಿಟ್ಟು ಜರುಗುವುದು ಕಡಿಮೆ. ಆದರೆ ವರ್ಷ ಕಳೆದಂತೆ ಕುಗ್ಗಿ ಬಿರುಸಾಗಬಹುದು, ತೆಗೆಯಲು ಹೋದರೆ ಸುಲಭಕ್ಕೆ ಬಿಡುವುದಿಲ್ಲ. ಸಿಲಿಕೋನ್ ಇದಕ್ಕೆ ತದ್ವಿರುದ್ಧ. ಅಂಗಾಂಶ ಅದನ್ನು ಹಿಡಿದುಕೊಳ್ಳುವುದಿಲ್ಲ. ದೇಹ ಅದರ ಸುತ್ತ ತೆಳುವಾದ ಒಂದು ಚೀಲ ಕಟ್ಟಿಕೊಳ್ಳುತ್ತದೆ, ಅಷ್ಟೇ. ಅದಕ್ಕೇ ಜಾರುವುದೂ ಸುಲಭ, ತೆಗೆಯುವುದೂ ಸುಲಭ. ನನಗೆ ಆರಿಸು ಅಂದರೆ ಸಿಲಿಕೋನನ್ನೇ ಆರಿಸುತ್ತೇನೆ. ಸುಲಭವಾಗಿ ವಾಪಸ್ ತೆಗೆಯಲು ಬರುವ ವಸ್ತುವಿನ ಮೇಲೆ ನನಗೆ ಪ್ರೀತಿ ಜಾಸ್ತಿ.

ಇಲ್ಲೊಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಸಿಲಿಕೋನ್ ಇಂಪ್ಲಾಂಟ್ ಬೇರೆ, ಸಿಲಿಕೋನ್ ದ್ರವವನ್ನು ತುಟಿಗೆ ಚುಚ್ಚುವುದು ಬೇರೆ. ಹೆಸರು ಒಂದೇ ಅಂತ ಮೋಸ ಹೋಗಬೇಡಿ. ಚುಚ್ಚಿದ ದ್ರವ ಹನಿ ಹನಿಯಾಗಿ ಅಂಗಾಂಶದೊಳಗೆ ಹರಡುತ್ತದೆ. ಕೆಲವರಿಗೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಗಂಟು ಗಂಟಾಗುತ್ತದೆ, ಕೆಂಪಾಗಿ ಊದಿಕೊಳ್ಳುತ್ತದೆ. ಅದನ್ನು ಪೂರ್ತಿ ತೆಗೆಯಲು ಆಗುವುದೇ ಇಲ್ಲ. ತೆಗೆಯಬೇಕೆಂದರೆ ತುಟಿಯನ್ನೇ ಕತ್ತರಿಸಿ ತೆಗೆದ ಹಾಗಾಗುತ್ತದೆ. ಇದೇನು ಹೊಸ ಕಥೆಯಲ್ಲ. 1900ರ ಸುಮಾರಿನಲ್ಲಿ ಯುರೋಪಿನ ವೈದ್ಯರು ಕರಗಿಸಿದ ಪ್ಯಾರಾಫಿನ್ ಮೇಣ ಚುಚ್ಚಿ ಮುಖ ತುಂಬಿಸಲು ಹೋಗಿ ಇದೇ ಪಾಠ ಕಲಿತಿದ್ದರು. ದೇಹ ತುಂಬಿಸಲು ಸಿಲಿಕೋನ್ ದ್ರವ ಚುಚ್ಚಿಸಿಕೊಳ್ಳಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿತು. 2021ರಲ್ಲಿ, ಸೂಜಿಯೇ ಇಲ್ಲದೆ ಒತ್ತಡದಿಂದ ತುಟಿಗೆ ಫಿಲ್ಲರ್ ನುಗ್ಗಿಸುವ ಪೆನ್ನುಗಳ ವಿರುದ್ಧವೂ ಎಚ್ಚರಿಸಿತು. "ಪರ್ಮನೆಂಟ್ ಫಿಲ್ಲರ್" ಅಂತ ಯಾರಾದರೂ ಹೇಳಿದರೆ ಸಿರಿಂಜಿನಲ್ಲಿ ಇರುವುದು ಏನು ಅಂತ ಕೇಳಿ. ಉತ್ತರ ನೇರವಾಗಿ ಬರದಿದ್ದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಸರಿ, ನಿಮ್ಮ ತುಟಿಗೆ ಬರೋಣ. "ಮೊದಲಿನಿಂದಲೂ ತೆಳು" ಅಂದಿದ್ದೀರಿ. ಕೇಳಿದರೆ ವಿಚಿತ್ರ ಅನ್ನಿಸಬಹುದು, ಆದರೆ ತುಂಬಾ ತೆಳು ತುಟಿಗೆ ಇಂಪ್ಲಾಂಟ್ ಅಷ್ಟಾಗಿ ಒಗ್ಗುವುದಿಲ್ಲ. ಇಂಪ್ಲಾಂಟಿಗೆ ಹೊದಿಕೆ ಬೇಕು. ದಪ್ಪ ಹೊದಿಕೆಯ ಕೆಳಗೆ ಹಗ್ಗ ಇಟ್ಟರೆ ಕಾಣುವುದಿಲ್ಲ, ತೆಳು ದುಪ್ಪಟ್ಟಾದ ಕೆಳಗೆ ಇಟ್ಟರೆ ಅಂಚು ಕಾಣುತ್ತದೆ, ಅಲ್ವಾ? ಮೊದಲು ತುಂಬಿಕೊಂಡಿದ್ದು ವಯಸ್ಸಿನಿಂದ ಸ್ವಲ್ಪ ಇಳಿದ ತುಟಿಗೆ, ಅಥವಾ ಸಾಧಾರಣ ತುಟಿಯನ್ನು ಇನ್ನಷ್ಟು ತುಂಬಿಸಬೇಕು ಅನ್ನುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ನಿಜವಾಗಿಯೂ ತೆಳುವಾದ ತುಟಿಯಲ್ಲಿ ದಪ್ಪ ಇಂಪ್ಲಾಂಟ್ ಇಟ್ಟರೆ ಮೇಲಿನ ಪೊರೆ ಸದಾ ಬಿಗಿದಿರುತ್ತದೆ. ಬಿಗಿದ ಪೊರೆ ದಿನ ಕಳೆದಂತೆ ತೆಳುವಾಗುತ್ತದೆ. ಒಂದು ದಿನ ಬೆಳ್ಳಗಿನ ತುದಿ ಹೊರಗೆ ಇಣುಕುತ್ತದೆ.

ಇನ್ನೊಂದು ಮಾತು. ಇಂಪ್ಲಾಂಟ್ ತುಟಿಯ ನಡುಭಾಗವನ್ನು ಉಬ್ಬಿಸುತ್ತದೆ, ಮುಂದಕ್ಕೆ ತರುತ್ತದೆ. ತುಟಿಯ ಗೆರೆಯನ್ನು ಬರೆಯುವುದಿಲ್ಲ. ಮೇಲ್ತುಟಿಯ ನಡುವಿನ ಬಿಲ್ಲಿನಂಥ ಬಾಗು ಇನ್ನಷ್ಟು ಎದ್ದು ಕಾಣಬೇಕು, ಒಂದು ಬದಿ ಸಣ್ಣಗಿರುವುದು ಸರಿಹೋಗಬೇಕು ಅನ್ನುವಂಥ ಕುಸುರಿ ಕೆಲಸಕ್ಕೆ ಅದು ಬರುವುದಿಲ್ಲ. ಅದು ಫಿಲ್ಲರಿನ ಕೆಲಸ. ಸೂಜಿಯಲ್ಲಿ ಇಲ್ಲಿ ಒಂದು ಹನಿ, ಅಲ್ಲಿ ಅರ್ಧ ಹನಿ ಅಂತ ಹಾಕಲು ಬರುತ್ತದೆ. ಇಂಪ್ಲಾಂಟ್ ಬಂದರೆ ಇಡಿಯಾಗಿ ಬರುತ್ತದೆ.

ನಕ್ಕಾಗ ಮೇಲ್ತುಟಿ ಕಾಣಿಸುವುದಿಲ್ಲ ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕನ್ನಡಿ ಮುಂದೆ ಬಾಯಿ ತುಂಬಾ ನಗಿ. ತುಟಿ ಒಳಕ್ಕೆ ಸುರುಳಿಕೊಳ್ಳುತ್ತಿದೆಯಾ? ಒಸಡು ಜಾಸ್ತಿ ಕಾಣುತ್ತಿದೆಯಾ? ಅಥವಾ ಮೇಲಿನ ಹಲ್ಲುಗಳೇ ಸ್ವಲ್ಪ ಹಿಂದಕ್ಕಿವೆಯಾ? ಹಲ್ಲು ಅಂದರೆ ತುಟಿಗೆ ಗೋಡೆ ಇದ್ದ ಹಾಗೆ. ಗೋಡೆ ಹಿಂದೆ ಸರಿದಿದ್ದರೆ ತುಟಿಯೂ ಹಿಂದಕ್ಕೆ ಬಿದ್ದಿರುತ್ತದೆ, ಆಗ ಮೊದಲು ನೋಡಬೇಕಾದವರು ದಂತವೈದ್ಯರು. ಮೂಗಿನ ಕೆಳಗಿನಿಂದ ತುಟಿಯ ಗೆರೆಯವರೆಗಿನ ಚರ್ಮ ಉದ್ದವಾಗಿದ್ದರೆ ತುಟಿ ಕೆಳಗೆ ಜೋತು, ಕೆಂಪು ಭಾಗ ಒಳಕ್ಕೆ ಮಡಚಿಕೊಂಡಿರುತ್ತದೆ. ಅಂಥವರಿಗೆ ಏನು ತುಂಬಿಸಿದರೂ ಬಾತುಕೋಳಿಯ ಕೊಕ್ಕಿನ ಹಾಗೆ ಮುಂದಕ್ಕೆ ಚಾಚುತ್ತದೆಯೇ ಹೊರತು ಎತ್ತರ ಸಿಗುವುದಿಲ್ಲ. ಅವರಿಗೆ ಮೂಗಿನ ಬುಡದಲ್ಲಿ ಸ್ವಲ್ಪ ಚರ್ಮ ತೆಗೆದು ತುಟಿಯನ್ನು ಮೇಲಕ್ಕೆತ್ತುವ ಆಪರೇಷನ್ ಇದೆ. ಕಲೆ ಮೂಗಿನ ನೆರಳಿನಲ್ಲಿ ಅಡಗುತ್ತದೆ, ಆದರೆ ಕಲೆ ಕಲೆಯೇ. ನಿಮ್ಮದು ಯಾವ ಬಗೆ ಅಂತ ಪತ್ರ ಓದಿ ಹೇಳಲಾಗದು. ನಗುವಾಗ, ಮಾತಾಡುವಾಗ, ಸುಮ್ಮನಿರುವಾಗ ಮೂರೂ ಹೊತ್ತಿನಲ್ಲಿ ಯಾರಾದರೂ ನೋಡಬೇಕು. ಫೋಟೋ ಮಾತ್ರ ನೋಡಿ ಇಂಪ್ಲಾಂಟ್ ಸೈಜ್ ಹೇಳುವವರನ್ನು ನಂಬಬೇಡಿ.

ಈಗ ನಿಮ್ಮ ಫಿಲ್ಲರ್. ಅದು ಹಯಲುರಾನಿಕ್ ಆಸಿಡ್ ಅಂತ ಅಂದುಕೊಳ್ಳುತ್ತೇನೆ, ಏಳೆಂಟು ತಿಂಗಳಿಗೆ ಇಳಿದದ್ದು ಅದಕ್ಕೆ ಹೊಂದುತ್ತದೆ. ನಮ್ಮ ಚರ್ಮದಲ್ಲೇ ಇರುವ, ನೀರು ಹಿಡಿದಿಡುವ ವಸ್ತು ಅದು. ರೆಸ್ಟಿಲೇನ್ ಎಂಬ ಇಂಥ ಒಂದು ಫಿಲ್ಲರಿಗೆ ತುಟಿಗೇ ಅಂತ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ, ಅದೂ 21 ದಾಟಿದವರಿಗೆ. ಅದರ ದೊಡ್ಡ ಗುಣ ಅಂದರೆ ಹಯಲುರಾನಿಡೇಸ್ ಎಂಬ ಔಷಧಿ ಚುಚ್ಚಿದರೆ ಬೇಗನೆ ಕರಗಿಹೋಗುತ್ತದೆ. ಫಿಲ್ಲರಿಗೂ ಅದರದೇ ಅಪಾಯ ಇದೆ. ತುಟಿಯೊಳಗೆ ರಕ್ತನಾಳ ಹಾದುಹೋಗುತ್ತದೆ, ಅದರೊಳಗೆ ಸೇರಿದರೆ ಚರ್ಮ ಬೆಳ್ಳಗಾಗಿ ವಿಪರೀತ ನೋವು ಬರುತ್ತದೆ. ಆಗ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು. ಇಂಪ್ಲಾಂಟಿನಲ್ಲಿ ಆ ಒಂದು ಭಯ ಇಲ್ಲ.

ನಿಮಗೆ ಇದರಿಂದ ಎರಡು ಉಪಯೋಗ. ಒಂದು, ಎರಡು ಸಲದ ಫಿಲ್ಲರ್ ನಿಮಗೆ ರಿಹರ್ಸಲ್ ಆಗಿದೆ. ಎಷ್ಟು ದಪ್ಪ ಚೆನ್ನಾಗಿತ್ತು ಅಂತ ನಿಮಗೆ ಗೊತ್ತು. ಆಗಿನ ಫೋಟೋ ಇದ್ದರೆ, ಅದರಲ್ಲೂ ಹಾಕಿಸಿ ಒಂದು ತಿಂಗಳಾದ ಮೇಲಿನದು ಇದ್ದರೆ ಇಟ್ಟುಕೊಳ್ಳಿ. ಎರಡು, ಇಂಪ್ಲಾಂಟ್ ಹಾಕುವ ಮುಂಚೆ ಆ ಫಿಲ್ಲರ್ ಪೂರ್ತಿ ಹೋಗಿರಬೇಕು. ಎರಡನೇ ಸಲದ್ದು ಐದು ತಿಂಗಳ ಹಿಂದೆ ಅಂದಿರಿ, ಇನ್ನೂ ಸ್ವಲ್ಪ ಉಳಿದಿರುತ್ತದೆ. ಉಳಿದಿದ್ದರೆ ಕರಗಿಸಿ, ತುಟಿ ತನ್ನ ಅಸಲಿ ಅಳತೆಗೆ ಬರಲು ಕೆಲವು ವಾರ ಬಿಟ್ಟು ನೋಡುತ್ತಾರೆ. ಹಾಗೆ ಮಾಡದೆ ಅರ್ಧ ತುಂಬಿದ ತುಟಿಯ ಅಳತೆ ತೆಗೆದುಕೊಂಡರೆ, ಫಿಲ್ಲರ್ ಹೋದ ಮೇಲೆ ಇಂಪ್ಲಾಂಟ್ ಒಂಟಿ ಹಗ್ಗದ ಹಾಗೆ ಎದ್ದು ಕಾಣುತ್ತದೆ.

ಆಪರೇಷನ್ ದಿನ ಏನಾಗುತ್ತದೆ ಅಂತ ಹೇಳುತ್ತೇನೆ. ಮೊದಲೇ ಲಿಪ್‌ಸ್ಟಿಕ್ ಒರೆಸಿಸಿ, ಕೂತ ಭಂಗಿಯಲ್ಲೇ ಗುರುತು ಹಾಕುತ್ತಾರೆ. ಮಲಗಿದರೆ ತುಟಿಯ ಆಕಾರ ಬದಲಾಗುತ್ತದೆ. ಕಟಬಾಯಿಯಿಂದ ಕಟಬಾಯಿಗೆ ಅಳೆಯುತ್ತಾರೆ. ಮರಗಟ್ಟಿಸುವುದು ಹಲ್ಲು ಕೀಳುವಾಗಿನ ಹಾಗೇ, ಮೇಲ್ತುಟಿಗೆ ಕೋರೆಹಲ್ಲಿನ ಮೇಲ್ಭಾಗದ ಒಸಡಿನ ಹತ್ತಿರ ಇಂಜೆಕ್ಷನ್. ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎರಡೂ ಕಟಬಾಯಿಯ ಒಳಗೆ ಒಂದೊಂದು ಪುಟ್ಟ ಗಾಯ ಮಾಡುತ್ತಾರೆ. ಒಂದು ಕಡೆಯಿಂದ ಬಾಗಿದ, ಸಣ್ಣ ಚಿಮಟದಂಥ ಉಪಕರಣ ತೂರಿಸಿ ಮೆಲ್ಲಗೆ ದಾರಿ ಮಾಡಿಕೊಂಡು ಇನ್ನೊಂದು ಕಡೆ ಹೊರಗೆ ತರುತ್ತಾರೆ. ಅದರ ಬಾಯಿಗೆ ಇಂಪ್ಲಾಂಟಿನ ತುದಿ ಕಚ್ಚಿಸಿ ವಾಪಸ್ ಎಳೆಯುತ್ತಾರೆ. ಲಂಗಕ್ಕೆ ಪಿನ್ನಿನಿಂದ ಲಾಡಿ ಪೋಣಿಸುವುದು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ.

ಲಾಡಿ ಪೋಣಿಸುವಾಗ ಬಟ್ಟೆ ನೆರಿಗೆಯಾಗಿ ಒಂದು ಕಡೆ ಗುಡ್ಡೆ ಬೀಳುತ್ತದೆ, ಅದನ್ನು ಎಳೆದು ಸಮ ಮಾಡುತ್ತೇವೆ. ಇಲ್ಲೂ ಆ ಸಮ ಮಾಡುವ ಎರಡು ನಿಮಿಷದಲ್ಲೇ ಎಲ್ಲ ಇರುವುದು. ನಾನು ಇಂಪ್ಲಾಂಟ್ ಎಳೆದಾದ ಮೇಲೆ ರೋಗಿಗೆ ಬಾಯಿ ಅಗಲ ತೆರೆಯಲು, ಮುಚ್ಚಲು, ತುಟಿ ಮುಂದೆ ಮಾಡಲು ಹೇಳುತ್ತೇನೆ. ಮರಗಟ್ಟಿದ ತುಟಿಯಲ್ಲಿ ಅದು ಸೊಟ್ಟಸೊಟ್ಟ ಆಗುತ್ತದೆ, ಆದರೂ ಇಂಪ್ಲಾಂಟ್ ತನ್ನ ಜಾಗ ಹಿಡಿಯುತ್ತದೆ. ಉದ್ದ ಜಾಸ್ತಿಯಾದರೆ ಒಳಗೇ ಬಾಗಿ ಗಂಟಿನಂತೆ ಕೂರುತ್ತದೆ. ಕಡಿಮೆಯಾದರೆ ಕಟಬಾಯಿಯ ಹತ್ತಿರ ತುಟಿ ಖಾಲಿ ಖಾಲಿ, ನಡುವೆ ಮಾತ್ರ ಉಬ್ಬು. ಚೂಪು ತುದಿ ಗಾಯದ ಬಾಯಿಗೆ ತೀರಾ ಹತ್ತಿರ ಉಳಿದರೆ ಅಲ್ಲಿಂದಲೇ ಹೊರಗೆ ಬರಲು ನೋಡುತ್ತದೆ. ಇಷ್ಟು ನೋಡಿಕೊಂಡು ತಾನಾಗಿ ಕರಗುವ ಒಂದೆರಡು ಹೊಲಿಗೆ. ಒಂದು ತುಟಿಗೆ ಅರ್ಧ ಗಂಟೆ, ಎರಡಕ್ಕೂ ಒಂದು ಗಂಟೆ. ಅದೇ ದಿನ ಮನೆಗೆ.

ಮೊದಲ ಬೆಳಿಗ್ಗೆ ಕನ್ನಡಿ ನೋಡಿ ಗಾಬರಿಯಾಗುತ್ತೀರಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ತುಟಿಯಲ್ಲಿ ರಕ್ತ ಸಂಚಾರ ಜಾಸ್ತಿ, ಹಾಗಾಗಿ ಬೇಗ ಮಾಯುತ್ತದೆ, ಹಾಗಾಗಿಯೇ ಜೋರಾಗಿ ಊದುತ್ತದೆ. ಎರಡನೇ, ಮೂರನೇ ದಿನ ಊತ ತುತ್ತತುದಿಗೆ ಹೋಗುತ್ತದೆ. ಒಂದು ಬದಿ ಇನ್ನೊಂದಕ್ಕಿಂತ ದಪ್ಪ ಕಾಣುವುದು ಮಾಮೂಲು. ನನ್ನ ಫೋನ್ ಆ ದಿನಗಳಲ್ಲಿ ಜಾಸ್ತಿ ಬಡಿದುಕೊಳ್ಳುತ್ತದೆ. "ಡಾಕ್ಟ್ರೇ, ಇದು ನನ್ನ ತುಟಿಯೇ ಅಲ್ಲ, ತೆಗೆದುಬಿಡಿ" ಅಂತ ಅತ್ತವರಿದ್ದಾರೆ. ಮೂರು ವಾರ ಬಿಟ್ಟು ಬಂದಾಗ "ಇನ್ನೊಂದು ಚೂರು ದೊಡ್ಡದು ಹಾಕಬಹುದಿತ್ತು" ಅಂದವರೂ ಅವರೇ. ಮೊದಲ ವಾರದಲ್ಲಿ ಯಾವ ತೀರ್ಮಾನಕ್ಕೂ ಬರಬೇಡಿ.

ಆ ವಾರ ಪ, ಬ, ಮ ನಿಮ್ಮ ಬಾಯಿಗೆ ಬರುವುದಿಲ್ಲ. ಎರಡೂ ತುಟಿ ಸೇರಿದರೆ ತಾನೇ ಈ ಅಕ್ಷರಗಳು ಹುಟ್ಟುವುದು! ಅಪ್ಪ, ಅಮ್ಮ ಅನ್ನಲು ಹೋದರೆ ಗಾಳಿ ಸೋರುತ್ತದೆ. ನೀರು ಕುಡಿದರೆ ಗಲ್ಲದ ಮೇಲೆ ಇಳಿಯುತ್ತದೆ. ಬಟ್ಟೆ ಸುತ್ತಿದ ಐಸ್ ಹತ್ತು ನಿಮಿಷ ಇಟ್ಟು ತೆಗೆದು, ಮತ್ತೆ ಇಡಿ. ಮರಗಟ್ಟಿದ ತುಟಿಗೆ ಸುಡುವುದೂ ಗೊತ್ತಾಗುವುದಿಲ್ಲ, ಹಾಗಾಗಿ ಬಿಸಿ ಬಿಸಿ ಏನೂ ಕುಡಿಯಬೇಡಿ. ಅಗಿಯದೆ ನುಂಗುವಂಥ ಮೆತ್ತಗಿನ ಊಟ, ಸ್ಟ್ರಾ ಬೇಡ, ತಲೆ ಎತ್ತರ ಮಾಡಿ ಮಲಗಿ. ಪ್ರತಿ ಊಟದ ಮೇಲೆ ಬಾಯಿ ಮುಕ್ಕಳಿಸಿ, ಬಾಯಿ ಅನ್ನುವುದು ಕ್ರಿಮಿಗಳ ಸಂತೆ. ಆಕಳಿಕೆ ಬಂದರೆ ಗಲ್ಲಕ್ಕೆ ಕೈ ಕೊಟ್ಟು ತಡೆಯಿರಿ. ಜೋರಾಗಿ ನಗುವುದಂತೂ ಬೇಡವೇ ಬೇಡ. ತುಟಿ ಪಿಟಕ್ಕೆನ್ನದೆ ಒಂದು ವಾರ ಇರಿ ಅಂತ ನಾನು ಹೇಳಿದರೆ ಮನೆಯವರು ಖುಷಿಪಟ್ಟದ್ದನ್ನೂ ಕಂಡಿದ್ದೇನೆ. ಎರಡು ವಾರಕ್ಕೆ ಊತ ಬಹುಪಾಲು ಇಳಿಯುತ್ತದೆ. ಬಿಗಿತ ಹೋಗಲು ಒಂದೂವರೆ ತಿಂಗಳಿಂದ ಮೂರು ತಿಂಗಳು. ಜುಮ್ಮೆನ್ನುವುದು, ಅಲ್ಲಲ್ಲಿ ಸ್ಪರ್ಶ ಮಂದವಾಗುವುದು ಇದೇ ಸಮಯದಲ್ಲಿ ಮೆಲ್ಲಗೆ ಹೋಗುತ್ತದೆ. ಅಪರೂಪಕ್ಕೆ ಒಂದು ಚೂರು ಹಾಗೇ ಉಳಿಯುವುದೂ ಉಂಟು.

ಜ್ವರದ ಗುಳ್ಳೆ ಅಂದಿರಲ್ಲ, ಒಳ್ಳೆಯದಾಯಿತು ಹೇಳಿದ್ದು. ಅದು ಹರ್ಪಿಸ್ ವೈರಸ್ಸಿನದು. ಒಮ್ಮೆ ಬಂದರೆ ನರದೊಳಗೆ ಮಲಗಿರುತ್ತದೆ, ತುಟಿಗೆ ಪೆಟ್ಟಾದರೆ ಏಳುತ್ತದೆ. ಆಪರೇಷನ್ ಅಂದರೆ ತುಟಿಗೆ ಪೆಟ್ಟೇ. ಹಸಿ ಗಾಯದ ಪಕ್ಕ ಗುಳ್ಳೆ ಎದ್ದರೆ ಗಾಯ ಬಿಟ್ಟುಕೊಳ್ಳಬಹುದು, ಇಂಪ್ಲಾಂಟ್ ಕಳೆದುಕೊಳ್ಳಬಹುದು. ಡಾಕ್ಟರಿಗೆ ಮೊದಲೇ ಹೇಳಿದರೆ ಮುಂಚೆಯಿಂದಲೇ ಅಸೈಕ್ಲೋವಿರ್ ಅಥವಾ ವ್ಯಾಲಸೈಕ್ಲೋವಿರ್ ಮಾತ್ರೆ ಶುರು ಮಾಡುತ್ತಾರೆ. ಆ ದಿನ ಗುಳ್ಳೆ ಇದ್ದರೆ ಆಪರೇಷನ್ ಮುಂದಕ್ಕೆ. ಹುಳುಕು ಹಲ್ಲು, ಒಸಡಿನ ಕೀವು ಇದ್ದರೂ ಅಷ್ಟೇ, ಮೊದಲು ಅದು ಸರಿಯಾಗಲಿ. ಆಮೇಲೆ ಯಾವಾಗ ಹಲ್ಲಿನ ಚಿಕಿತ್ಸೆಗೆ ಹೋದರೂ ತುಟಿಯಲ್ಲಿ ಇಂಪ್ಲಾಂಟ್ ಇದೆ ಅಂತ ಹೇಳಿ. ಅವರು ಇಂಜೆಕ್ಷನ್ ಕೊಡುವಾಗ, ತುಟಿ ಎಳೆದು ಹಿಡಿಯುವಾಗ ಗಮನವಿಡುತ್ತಾರೆ. ಆಸ್ಪಿರಿನ್, ಐಬುಪ್ರೊಫೆನ್, ಮೀನೆಣ್ಣೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು. ಹೃದಯಕ್ಕೆ ಅಂತ ಕೊಟ್ಟ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬಾರದು.

ತೊಂದರೆ ಬಂದರೆ ಹೇಗೆ ಬರುತ್ತದೆ? ಸೋಂಕಾದರೆ ಇಳಿಯುತ್ತಿದ್ದ ಊತ ಮತ್ತೆ ಏರುತ್ತದೆ, ತುಟಿ ಬಿಸಿಯಾಗಿ ತಟತಟ ಹೊಡೆದುಕೊಳ್ಳುತ್ತದೆ, ಕಟಬಾಯಿಯಲ್ಲಿ ಕೀವು ಕಾಣುತ್ತದೆ. ಅದು ರಾತ್ರಿಯಾದರೂ ಫೋನ್ ಮಾಡಬೇಕಾದ ಸಂಗತಿ. ಮಾತ್ರೆಗೆ ಬಗ್ಗದಿದ್ದರೆ ಇಂಪ್ಲಾಂಟ್ ತೆಗೆಯುವುದೇ ದಾರಿ. ಜಾರುವುದು ಹಾಗಲ್ಲ, ಅದು ಕಳ್ಳನ ಹಾಗೆ ಬರುತ್ತದೆ. ತಿಂಗಳುಗಳ ಮೇಲೆ ಒಂದು ದಿನ ನಾಲಿಗೆ ಆಡಿಸುವಾಗ ಒಂದು ಕಟಬಾಯಿಯ ಒಳಗೆ ಏನೋ ತುದಿ ತಾಗುತ್ತದೆ. ಅಥವಾ ನಕ್ಕಾಗ ತುಟಿಯ ಮೇಲೆ ಒಂದು ದಿಂಡು ಎದ್ದು ನಿಲ್ಲುತ್ತದೆ. ಸುತ್ತ ಕಟ್ಟಿಕೊಂಡ ಚೀಲ ಕೆಲವರಲ್ಲಿ ದಪ್ಪವಾಗಿ ಬಿಗಿಯುತ್ತದೆ, ತುಟಿ ಗಡುಸಾಗುತ್ತದೆ.

ಒಬ್ಬರು ಬೇರೆ ಕಡೆ ಹಾಕಿಸಿಕೊಂಡು, ನಾಲ್ಕು ವರ್ಷದ ಮೇಲೆ ನನ್ನ ಹತ್ತಿರ ಬಂದಿದ್ದರು. ಬಲಗಡೆ ತುದಿ ಹಲ್ಲಿಗೆ ಉಜ್ಜುತ್ತಿತ್ತು. ಮರಗಟ್ಟಿಸಿ, ಹಳೇ ಗಾಯದ ಗೆರೆಯ ಮೇಲೇ ಅಕ್ಕಿಕಾಳಿನಷ್ಟು ಬಿಡಿಸಿದೆ. ಚಿಮಟಕ್ಕೆ ತುದಿ ಸಿಕ್ಕಿತು. ಎಳೆದರೆ ಮೊದಲು ಬರಲಿಲ್ಲ, ಚೀಲದ ಬಾಯಿ ಇನ್ನೊಂದು ಚೂರು ಬಿಡಿಸಿದ ಮೇಲೆ ಒಮ್ಮೆಲೇ ಜಾರಿ ಹೊರಗೆ ಬಂತು. ಹಾಕುವಾಗ ಹೇಗಿತ್ತೋ ಹಾಗೇ ಇತ್ತು, ಬೆಳ್ಳಗೆ, ನುಣ್ಣಗೆ, ಒಂದು ಗೀರಿಲ್ಲ. ಅವರು ಅದನ್ನು ಅಂಗೈಯಲ್ಲಿಟ್ಟು ನೋಡಿ "ಇಷ್ಟೇನಾ!" ಅಂದರು. ಎರಡು ತಿಂಗಳಲ್ಲಿ ತುಟಿ ಹೆಚ್ಚುಕಡಿಮೆ ಮೊದಲಿನ ಹಾಗಾಯಿತು. ಹೆಚ್ಚುಕಡಿಮೆ ಅಂತ ಯಾಕೆ ಹೇಳಿದೆ ಅಂದರೆ, ಒಳಗಿನ ಕಲೆಯಿಂದ ಒಂದು ಸಣ್ಣ ಗೆರೆಯಂಥ ಗಡುಸು ಉಳಿಯಿತು, ಬೆರಳಿಗೆ ಸಿಗುವಷ್ಟು. ಶಾಶ್ವತ ಅಂತ ಹಾಕಿಸಿಕೊಂಡದ್ದನ್ನು ಹದಿನೈದು ನಿಮಿಷದಲ್ಲಿ ತೆಗೆದೆವು. ಅದೇ ಜಾಗಕ್ಕೆ ಕೊಬ್ಬು ತುಂಬಿಸಿದ್ದರೆ ತೆಗೆಯುವುದು ಇಷ್ಟು ಸುಲಭ ಇರುತ್ತಿರಲಿಲ್ಲ.

ಕೊಬ್ಬಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ಹೀರಿ, ಶುದ್ಧ ಮಾಡಿ ತುಟಿಗೆ ತುಂಬಿಸಬಹುದು. ಸ್ವಂತದ್ದೇ ಆದ್ದರಿಂದ ದೇಹ ತಿರಸ್ಕರಿಸುವುದಿಲ್ಲ. ಆದರೆ ಎಷ್ಟು ಉಳಿಯುತ್ತದೆ, ಎಷ್ಟು ಹೀರಿಹೋಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ತುಟಿಯಂಥ ಸದಾ ಅಲ್ಲಾಡುವ ಜಾಗದಲ್ಲಂತೂ ಇನ್ನೂ ಅನಿಶ್ಚಿತ. ಬೇರೆ ಆಪರೇಷನ್ನಿಗೆ ಅಂತ ಹೇಗೂ ಕೊಬ್ಬು ತೆಗೆಯುತ್ತಿದ್ದರೆ ಸರಿ, ಇದೊಂದಕ್ಕೇ ಅಂತ ನಾನು ಮುಂದಾಗಿ ಹೇಳುವುದಿಲ್ಲ.

ಈಗ ಕೊಳಲು. ಕೊಳಲಿನ ನಾದ ಹುಟ್ಟುವುದೇ ನಿಮ್ಮ ತುಟಿಯಲ್ಲಿ. ಎರಡು ತುಟಿಯ ನಡುವೆ ಎಷ್ಟು ಸಣ್ಣ ಕಿಂಡಿ ಬಿಡುತ್ತೀರಿ, ಗಾಳಿಯನ್ನು ಯಾವ ಕೋನದಲ್ಲಿ ರಂಧ್ರದ ಅಂಚಿಗೆ ತಾಗಿಸುತ್ತೀರಿ ಅನ್ನುವುದರ ಮೇಲೆ ಸ್ವರ ನಿಲ್ಲುತ್ತದೆ. ಕೆಳತುಟಿ ಕೊಳಲಿಗೆ ಒರಗಿರುತ್ತದೆ, ಮೇಲ್ತುಟಿ ಗಾಳಿಗೆ ದಿಕ್ಕು ತೋರಿಸುತ್ತದೆ. ನೀವು ದಪ್ಪ ಮಾಡಿಸಬೇಕು ಅಂದುಕೊಂಡಿರುವುದು ಆ ದಿಕ್ಕು ತೋರಿಸುವ ತುಟಿಯನ್ನೇ! ಅಲ್ಲಿ 3 ಮಿಲಿಮೀಟರಿನ ಒಂದು ಬತ್ತಿ ಬಂದರೆ ಕಿಂಡಿಯ ಆಕಾರ ಬದಲಾಗುತ್ತದೆ. ಸ್ಪರ್ಶ ಒಂದು ಚೂರು ಮಂದವಾದರೂ ಮೇಲಿನ ಸ್ಥಾಯಿಗೆ ಹೋಗುವಾಗ ತುಟಿ ಎಷ್ಟು ಬಿಗಿಯಬೇಕು ಅನ್ನುವ ಅಂದಾಜು ತಪ್ಪಬಹುದು. ತಿಂಗಳುಗಟ್ಟಲೆ ಅಭ್ಯಾಸದಲ್ಲಿ ಹೊಸ ತುಟಿಗೆ ಹೊಂದಿಕೊಳ್ಳುವವರಿರಬಹುದು. ಆದರೆ ಹೊಂದಿಕೊಂಡೇ ಕೊಳ್ಳುತ್ತೀರಿ ಅಂತ ಮಾತು ಕೊಡುವ ಧೈರ್ಯ ನನಗಿಲ್ಲ. ಕಹಳೆ, ಶಹನಾಯಿ, ಸ್ಯಾಕ್ಸೊಫೋನ್ ನುಡಿಸುವುದನ್ನೇ ವೃತ್ತಿ ಮಾಡಿಕೊಂಡವರು ಬಂದರೆ ನಾನು ಇಂಪ್ಲಾಂಟ್ ಹಾಕುವುದೇ ಇಲ್ಲ.

ನೀವೇ ಒಂದು ಸಂಗತಿ ನೆನಪು ಮಾಡಿಕೊಳ್ಳಬೇಕು. ಫಿಲ್ಲರ್ ಹಾಕಿಸಿದ ಮೊದಲ ಎರಡು ತಿಂಗಳು ಕೊಳಲು ಹೇಗೆ ನುಡಿಯಿತು? ಗಾಳಿ ಸೋರಿದ ಸದ್ದು ಬಂತಾ? ಮೇಲಿನ ಸ್ವರಗಳು ಒಡೆದವಾ? ಏನೂ ವ್ಯತ್ಯಾಸ ಆಗಿರಲಿಲ್ಲ ಅಂದರೆ ಅದು ಒಳ್ಳೆಯ ಸೂಚನೆ. ತೊಂದರೆ ಆಗಿ, ಫಿಲ್ಲರ್ ಇಳಿದ ಮೇಲೆ ಸರಿಯಾಗಿದ್ದರೆ ಅದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.

ನಿಮ್ಮ ಜಾಗದಲ್ಲಿ ನನ್ನ ತಂಗಿ ಇದ್ದಿದ್ದರೆ ಏನು ಹೇಳುತ್ತಿದ್ದೆ ಅಂದರೆ, ಇನ್ನೊಂದು ವರ್ಷ ಫಿಲ್ಲರಿನಲ್ಲೇ ಇರು ಅನ್ನುತ್ತಿದ್ದೆ. ಬೇಜಾರು ಅನ್ನುವುದು ಸಣ್ಣ ಕಾರಣವಲ್ಲ, ಒಪ್ಪುತ್ತೇನೆ. ಆದರೆ ತೆಳು ತುಟಿ, ಗುಳ್ಳೆಯ ಕಾಟ, ಕೊಳಲು, ಈ ಮೂರೂ ಇಂಪ್ಲಾಂಟಿನ ವಿರುದ್ಧವೇ ನಿಲ್ಲುತ್ತವೆ. ಆದರೂ ಬೇಕೇ ಬೇಕು ಅನ್ನಿಸಿದರೆ 3 ಮಿಲಿಮೀಟರಿನ ಸಿಲಿಕೋನ್, ಮೇಲ್ತುಟಿಗೆ ಮಾತ್ರ. ಅದಕ್ಕಿಂತ ದಪ್ಪದ್ದಕ್ಕೆ ಆಸೆಪಡಬೇಡಿ. ಡಾಕ್ಟರು ಇಂಥದ್ದನ್ನು ಎಷ್ಟು ಹಾಕಿದ್ದಾರೆ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ತೆಗೆದಿದ್ದಾರೆ, ಯಾಕೆ ತೆಗೆದರು ಅಂತ ನೀವು ಕೇಳಿ. ನಾಲ್ಕು ವರ್ಷದ ಮೇಲೆ ತುದಿ ಹೊರಬಂದರೆ ತೆಗೆಯುವ ಖರ್ಚು ಯಾರದು ಅಂತಲೂ ಕೇಳಿ. ಹಾಕಿದ ಇಂಪ್ಲಾಂಟಿನ ಹೆಸರು, ಅಳತೆ, ಬ್ಯಾಚ್ ನಂಬರ್ ಇರುವ ಚೀಟಿ ನಿಮ್ಮ ಹತ್ತಿರ ಇರಲೇಬೇಕು. ತೆಗೆಯುವವರು ಬೇರೆಯವರಾಗಿದ್ದರೆ ಆ ಚೀಟಿ ಅವರ ಕೆಲಸವನ್ನು ಅರ್ಧ ಮಾಡಿಬಿಡುತ್ತದೆ.

ಮತ್ತೆ, ಸಲಹೆಗೆ ಹೋಗುವ ದಿನ ಲಿಪ್‌ಸ್ಟಿಕ್ ಹಚ್ಚಬೇಡಿ. ಫಿಲ್ಲರ್ ಇದ್ದಾಗಿನ ಫೋಟೋ ಜೊತೆಗಿರಲಿ. ಕೊಳಲನ್ನೂ ತೆಗೆದುಕೊಂಡು ಹೋಗಿ, ಅವರೆದುರು ಎರಡು ನಿಮಿಷ ನುಡಿಸಿ ತೋರಿಸಿ.